ಕಸದ ಬುಟ್ಟಿಯಲ್ಲಿ ಸಿಕ್ಕ ಗಾಜಿನ ಚೂರು

ಅಪರಾಧ ನಡೆದ ಸ್ಥಳಗಳನ್ನು ಪರಿಶೀಲಿಸುವುದು ನನ್ನ ಕೆಲಸ ಎಂದು ಗೊತ್ತಾದ ಕೂಡಲೇ ಜನ ಕೊಲೆಗಳ ಬಗ್ಗೆ ಕೇಳುತ್ತಾರೆ. ನಮ್ಮ ದಿನಗಳ ಹೆಚ್ಚಿನ ಪಾಲು ಹೋಗುವುದು ಮಾತ್ರ ಮನೆಗಳ್ಳತನಗಳಿಗೆ. ತೆರೆಯ ಮೇಲೆ ಅವಕ್ಕೆ ಜಾಗವಿಲ್ಲ. ಆದರೂ ನಾವು ಏನು ಮಾಡುತ್ತೇವೆ ಎಂದು ಯಾರಾದರೂ ಮನಸ್ಸಿಟ್ಟು ಕೇಳಿದರೆ, ನಾನು ಹೇಳುವುದು ಅಂಥದ್ದೇ ಒಂದು ಕಳ್ಳತನದ ಕಥೆ.

ಹಿಂಬದಿಯ ಕಿಟಕಿಯ ಗಾಜು ಒಡೆದು ಒಳಗೆ ನುಗ್ಗಿದ್ದರು. ಬೀರು ತೆರೆದಿತ್ತು, ಒಡವೆ ಹೋಗಿತ್ತು. ನಾವು ತಲುಪುವಷ್ಟರಲ್ಲಿ ಮನೆಯ ಹಿರಿಯಮ್ಮ ಗಾಜನ್ನೆಲ್ಲ ಗುಡಿಸಿ ಕಸದ ಬುಟ್ಟಿಗೆ ಹಾಕಿ, ಚೆಲ್ಲಾಪಿಲ್ಲಿಯಾಗಿದ್ದ ಬಟ್ಟೆಗಳನ್ನು ಮಡಚಿಡುತ್ತಿದ್ದರು. ಅವರನ್ನು ದೂರುವುದು ಹೇಗೆ? ಯಾರೋ ಬಂದು ನಮ್ಮ ಬಟ್ಟೆಬರೆ ಕೆದಕಿ ಹೋಗಿದ್ದಾರೆ ಎಂದಾಗ, ಮನೆಯನ್ನು ಮೊದಲಿನಂತೆ ಮಾಡಿಬಿಡಬೇಕು ಅನ್ನಿಸುವುದು ಸಹಜ. ಸಿನಿಮಾದಲ್ಲಿ ಪಟ್ಟಿ ಕಟ್ಟಿ, ನೊಣವೂ ಒಳಗೆ ಹೋಗದಂತೆ ಕಾಯುತ್ತಾರೆ. ನಮಗೆ ಸಿಗುವ ಸ್ಥಳದಲ್ಲಿ ಮನೆಯವರು, ಅಕ್ಕಪಕ್ಕದವರು, ಮೊದಲು ಬಂದ ಪೊಲೀಸರು ಎಲ್ಲರೂ ಓಡಾಡಿರುತ್ತಾರೆ. ಹಾಗೆಂದು ಚೂರುಗಳನ್ನು ಮತ್ತೆ ನೆಲದ ಮೇಲೆ ಹರಡಿ ಫೋಟೊ ತೆಗೆಯುವಂತಿಲ್ಲ. ಸ್ಥಳ ನಮಗೆ ಹೇಗೆ ಸಿಕ್ಕಿತೋ ಹಾಗೆಯೇ ದಾಖಲಾಗಬೇಕು. ಹಾಗಾಗಿ ಅಂದು ನಾನು ಬುಟ್ಟಿಯ ಫೋಟೊವನ್ನೂ ತೆಗೆದೆ. ಮುಚ್ಚಳ ಹಾಕಿದಂತೆ ಒಂದು, ಮುಚ್ಚಳ ತೆಗೆದ ಮೇಲೆ ಒಂದು, ಒಳಗಿನ ಗಾಜಿನ ಪಕ್ಕ ಅಳತೆಪಟ್ಟಿ ಇಟ್ಟು ಮತ್ತೊಂದು.

ಹಿರಿಯಮ್ಮನನ್ನು ಕೂರಿಸಿ, ಯಾವ ಚೂರು ಎಲ್ಲಿತ್ತು ಎಂದು ನಿಧಾನವಾಗಿ ಕೇಳಿದೆ. “ಸಣ್ಣವೆಲ್ಲ ಕೋಣೆಯೊಳಗೆ ಬಿದ್ದಿದ್ದವು. ಒಂದು ದೊಡ್ಡ ಚೂರು ಮಾತ್ರ ಹೊರಗೆ, ಕಿಟಕಿ ಕೆಳಗಿನ ಗೋಡೆಗೆ ಒರಗಿಸಿಟ್ಟ ಹಾಗಿತ್ತಮ್ಮ. ಕಾಲಿಗೆ ತಾಗೀತು ಅಂತ ನಾನೇ ಎತ್ತಿಕೊಂಡು ಬಂದೆ” ಎಂದರು. ಆ ಮಾತನ್ನು ಅವರು ಹೇಳಿದಂತೆಯೇ, ಸಮಯ ಹಾಕಿ ಬರೆದುಕೊಂಡೆ. ನನ್ನ ಕೈಯಲ್ಲಿ ಕ್ಯಾಮೆರಾಗಿಂತ ಹೆಚ್ಚು ಹೊತ್ತು ಇರುವುದು ಪೆನ್ನು.

ಅವರ ಮೊಮ್ಮಗ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಕೊನೆಗೆ ತಡೆಯಲಾಗದೆ ಕೇಳಿದ: “ಮೇಡಂ, ಆ ನೀಲಿ ಲೈಟ್ ಹಾಕಲ್ವಾ? ರೂಮ್ ಕತ್ತಲೆ ಮಾಡ್ಲಾ?”

ಅವನು ಕೇಳಿದ್ದು ಲ್ಯೂಮಿನಾಲ್ ಬಗ್ಗೆ. ಅದು ದೀಪವೇ ಅಲ್ಲ, ಸಿಂಪಡಿಸುವ ರಾಸಾಯನಿಕ. ರಕ್ತದಲ್ಲಿರುವ ಕಬ್ಬಿಣದ ಅಂಶದ ನೆರವಿನಿಂದ ಅರೆಗಳಿಗೆ ನೀಲಿಯಾಗಿ ಹೊಳೆದು ಆರಿಹೋಗುತ್ತದೆ. ಬ್ಲೀಚ್ ತಾಗಿದ ನೆಲವೂ ಹೊಳೆಯುತ್ತದೆ, ತಾಮ್ರವೂ ಹೊಳೆಯುತ್ತದೆ. ಹೊಳೆದ ಮಾತ್ರಕ್ಕೆ ರಕ್ತ ಎಂದು ಬರೆಯುವಂತಿಲ್ಲ, ಬೇರೆ ಪರೀಕ್ಷೆ ಆಗಲೇಬೇಕು. ತೊಳೆದುಬಿಟ್ಟ ರಕ್ತದ ಅನುಮಾನವಿದ್ದ ಕಡೆ ಅದು ಬೇಕು. ಇಲ್ಲಿ ಅದಕ್ಕೆ ಕೆಲಸವಿರಲಿಲ್ಲ. “ಕತ್ತಲೆ ಬೇಡ, ಪರದೆ ಎಲ್ಲ ಸರಿಸು” ಎಂದೆ. ತೆರೆಯ ಮೇಲಿನ ತನಿಖಾಧಿಕಾರಿಗಳು ದೀಪದ ಸ್ವಿಚ್ ಒತ್ತದೆ ಟಾರ್ಚ್ ಹಿಡಿದು ಓಡಾಡುವುದು ಏಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ನಮಗೆ ಎಷ್ಟು ಬೆಳಕಿದ್ದರೂ ಸಾಲದು.

ಟಾರ್ಚ್ ನಾವೂ ಬಳಸುತ್ತೇವೆ, ಆದರೆ ಓರೆಯಾಗಿ. ಆ ದೊಡ್ಡ ಚೂರನ್ನು ಅಂಚಿನಲ್ಲಷ್ಟೇ ಹಿಡಿದು ಬೆಳಕನ್ನು ಪಕ್ಕದಿಂದ ಹಾಯಿಸಿದಾಗ ಒಂದು ಮೈಯಲ್ಲಿ ಮಳೆನೀರು ಇಳಿದ ಧೂಳಿನ ಗೆರೆಗಳು ಕಂಡವು. ಅದು ಹೊರಮೈ. ಇನ್ನೊಂದು ಮೈ ಒರೆಸಿ ಒರೆಸಿ ಸ್ವಚ್ಛವಾಗಿತ್ತು. ಹೊರಮೈಯಲ್ಲಿ ಒಂದು ಹೆಬ್ಬೆರಳಿನ ಗುರುತು. ಗಾಜನ್ನು ತಿರುಗಿಸಿದರೆ ಸರಿಯಾಗಿ ಅದರ ಬೆನ್ನಿಗೆ, ಒಳಮೈಯಲ್ಲಿ, ಎರಡು ಬೆರಳುಗಳು. ಹೊರಗೆ ನಿಂತವರು ಚೌಕಟ್ಟಿನಲ್ಲಿ ಉಳಿದ ಗಾಜನ್ನು ಸಂದಿಯಿಂದ ಕೈ ಹಾಕಿ ಕಿತ್ತರೆ ಗುರುತು ಬೀಳುವುದು ಹೀಗೆಯೇ. ಮೇಲಂಚಿನ ಹತ್ತಿರ ಬೇರೆ ಒಂದೆರಡು ಗುರುತುಗಳೂ ಇದ್ದವು. ಬೆರಳಚ್ಚು ಎದ್ದು ಕಾಣಲೆಂದು ಹಚ್ಚುವ ಪುಡಿಯನ್ನು ಆ ಚೂರಿಗೆ ಅಲ್ಲೇ ಹಚ್ಚಲಿಲ್ಲ. ಮೈಗೆ ಏನೂ ಉಜ್ಜದಂತೆ ಗಟ್ಟಿ ಪೆಟ್ಟಿಗೆಯಲ್ಲಿ ಬಿಗಿದು ಪ್ರಯೋಗಾಲಯಕ್ಕೆ ಕಳಿಸಿದೆ. ಪುಡಿ ಹಚ್ಚಿದ್ದು ಕಿತ್ತು ತರಲಾಗದ ಚೌಕಟ್ಟಿಗೆ, ಬೀರುವಿಗೆ. ಈ ಕೆಲಸಕ್ಕೆ ಕೈ ಹಗುರವಿರಬೇಕು. ಬ್ರಷ್‌ನ ತುದಿಯಷ್ಟೇ ತಾಗಬೇಕು. ಗೆರೆಗಳು ಮೂಡತೊಡಗಿದವು ಎನ್ನುವಾಗ ಅವು ಹರಿದ ದಿಕ್ಕಿನಲ್ಲೇ ಬ್ರಷ್ ತಿರುಗಬೇಕು. ಇನ್ನೊಂದು ಸಲ ಎಳೆದರೆ ಸಂದುಗಳಲ್ಲಿ ಪುಡಿ ತುಂಬಿ ಎಲ್ಲ ಕಲಸಿಹೋಗುತ್ತದೆ. ಬೀರುವಿನ ಮೇಲೆ ಸಿಕ್ಕವು ಮನೆಯವರದ್ದೇ ಬೆರಳುಗಳು. ಅದಕ್ಕೇ ಮನೆಯವರೆಲ್ಲರ ಬೆರಳಚ್ಚು ತೆಗೆದುಕೊಳ್ಳುತ್ತೇವೆ. ಹಿರಿಯಮ್ಮ ಮೊದಲು ಅಳುಕಿದರು, “ನನ್ನನ್ನೂ ಅನುಮಾನಿಸ್ತೀರಾ?” ಎಂದು. ನಿಮ್ಮವನ್ನು ಬದಿಗಿಟ್ಟರೆ ಉಳಿದದ್ದು ಯಾರದ್ದು ಎಂದು ಹುಡುಕಬಹುದು ಎಂದು ವಿವರಿಸಿದ ಮೇಲೆ ತಾವೇ ಕೈ ಚಾಚಿದರು.

ಮೊಮ್ಮಗನ ಮುಂದಿನ ಪ್ರಶ್ನೆ: “ಸಂಜೆಯೊಳಗೆ ಗೊತ್ತಾಗುತ್ತಾ?” ತೆರೆಯ ಮೇಲೆ ಮುಖಗಳು ಸರಸರನೆ ಸರಿದು ಒಂದು ಕಡೆ ನಿಂತುಬಿಡುತ್ತವೆ. ನಿಜವಾದ ಕಂಪ್ಯೂಟರ್ ಕೊಡುವುದು ಹೋಲಿಕೆಯಿರುವ ಕೆಲವರ ಪಟ್ಟಿ. ಅದನ್ನಿಟ್ಟುಕೊಂಡು ತಜ್ಞರು ಗೆರೆ ಕವಲೊಡೆಯುವ ಜಾಗ, ನಿಲ್ಲುವ ಜಾಗಗಳನ್ನು ಒಂದೊಂದಾಗಿ ಹೋಲಿಸಬೇಕು, ಇನ್ನೊಬ್ಬರು ಸ್ವತಂತ್ರವಾಗಿ ನೋಡಬೇಕು. ಅಲ್ಲೂ ಎಡವುವುದುಂಟು. 2004ರಲ್ಲಿ ಸ್ಪೇನ್‌ನ ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸ್ಫೋಟವಾದಾಗ, ಅಲ್ಲಿ ಸಿಕ್ಕ ಚೀಲವೊಂದರ ಮೇಲಿನ ಬೆರಳಚ್ಚು ಅಮೆರಿಕದ ಒಬ್ಬ ವಕೀಲರದ್ದೆಂದು ಆ ದೇಶದ ತನಿಖಾ ಸಂಸ್ಥೆ ಎಫ್‌ಬಿಐ ಹೇಳಿತು. ಅವರನ್ನು ಬಂಧಿಸಲಾಯಿತು. ಅದು ಬೇರೆಯವನದ್ದು ಎಂದು ಸ್ಪೇನ್ ಪೊಲೀಸರು ಗುರುತಿಸಿದ ಮೇಲೆಯೇ ಅವರ ಬಿಡುಗಡೆಯಾದದ್ದು. ನಮ್ಮಲ್ಲಿ ಪ್ರತಿಯೊಬ್ಬರೂ ಈ ಪ್ರಕರಣವನ್ನು ಓದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಡಿಎನ್‌ಎ ವಿಚಾರದಲ್ಲಂತೂ ಎಚ್ಚರ ಇನ್ನೂ ಹೆಚ್ಚು ಬೇಕು. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಸ್ಥಳಗಳಲ್ಲಿ ಒಬ್ಬಳೇ ಮಹಿಳೆಯ ಡಿಎನ್‌ಎ ಸಿಕ್ಕಿ, ಪೊಲೀಸರು ವರ್ಷಗಟ್ಟಲೆ ಅವಳನ್ನು ಬೆನ್ನಟ್ಟಿದರು. 2007ರಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ನಡೆದ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯೂ ಅವಳ ತಲೆಗೇ ಬಂದಿತ್ತು. ಅದು ಮಾದರಿ ತೆಗೆಯುವ ಹತ್ತಿಕಡ್ಡಿಗಳ ತಯಾರಿಕೆಯಲ್ಲಿ ತೊಡಗಿದ್ದ ಒಬ್ಬ ಕಾರ್ಮಿಕ ಮಹಿಳೆಯ ಡಿಎನ್‌ಎ ಎಂದು 2009ರಲ್ಲಿ ಬಯಲಾಯಿತು. ಕಡ್ಡಿಗಳನ್ನು ರೋಗಾಣುಮುಕ್ತ ಮಾಡಿದ್ದರು, ಆದರೆ ಅಷ್ಟರಿಂದ ಡಿಎನ್‌ಎ ಹೋಗದು; ಅವಳದ್ದು ಅಲ್ಲೇ ಉಳಿದಿತ್ತು. ನಾನು ಒಂದು ಗುರುತಿನಿಂದ ಇನ್ನೊಂದಕ್ಕೆ ಹೋಗುವಾಗ ಕೈಗವಸು ಬದಲಿಸುವುದು, ಕೂದಲು ಕಟ್ಟಿ ಮುಚ್ಚಿಕೊಳ್ಳುವುದು, ಒದ್ದೆಯಾದದ್ದನ್ನು ಒಣಗಿಸಿ ಕಾಗದದ ಚೀಲಕ್ಕೇ ಹಾಕುವುದು, ಇವೆಲ್ಲ ನೋಡುವವರಿಗೆ ಬೇಸರ ತರಿಸುತ್ತವೆ. ಪ್ಲಾಸ್ಟಿಕ್‌ನಲ್ಲಿ ತೇವ ಕೂತರೆ ಬೂಸ್ಟು ಬಂದು ಮಾದರಿ ಹಾಳಾಗುತ್ತದೆ ಎಂಬುದನ್ನು ತೆರೆಯ ಮೇಲೆ ತೋರಿಸಿದರೆ ಯಾರು ನೋಡುತ್ತಾರೆ?

ನನಗೆ ನೋವಾಗುವುದು ಬೇರೆ ಕಾರಣಕ್ಕೆ. ತೆರೆಯ ಮೇಲಿನ ಆ ಖಚಿತತೆಯನ್ನು ನೋಡಿ ಬೆಳೆದ ಜನ, ನಾವು ‘ಹೇಳಲು ಬರುವುದಿಲ್ಲ’ ಎಂದಾಗ ಅದನ್ನು ಉಡಾಫೆ ಎಂದುಕೊಳ್ಳುತ್ತಾರೆ. ಸ್ಥಳದಲ್ಲಿ ನಿಂತು ಕಳ್ಳನ ಹೆಸರು ಹೇಳುವುದು ನನ್ನ ಕೆಲಸವಲ್ಲ. ಮುಂದೆಂದೋ ಯಾರೋ ಪ್ರಶ್ನೆ ಕೇಳಿದಾಗ, ಉತ್ತರ ಕೆಡದೆ ಉಳಿದಿರಬೇಕು. ಅದಕ್ಕಾಗಿ ಅಷ್ಟೆಲ್ಲ ಫೋಟೊ, ಅಷ್ಟೆಲ್ಲ ಬರಹ.

ಗಾಜಿನ ಮೇಲಿನ ಆ ಹೆಬ್ಬೆರಳು ಬಹಳ ಕಾಲ ಯಾರಿಗೂ ಹೊಂದಲಿಲ್ಲ. ಬೇರೊಂದು ಪ್ರಕರಣದಲ್ಲಿ ಒಬ್ಬ ಸಿಕ್ಕಿಬಿದ್ದು, ಅವನ ಬೆರಳಚ್ಚು ದಾಖಲೆ ಸೇರಿದ ಮೇಲೆ ಹೊಂದಿತು. ನ್ಯಾಯಾಲಯದಲ್ಲಿ ಅವನ ಪರ ವಕೀಲರು ಹೋಲಿಕೆಯ ಗೊಡವೆಗೇ ಹೋಗಲಿಲ್ಲ. ಬುಟ್ಟಿಯಿಂದ ಪ್ರಯೋಗಾಲಯದವರೆಗೆ ಪೆಟ್ಟಿಗೆ ಯಾರ ಯಾರ ಕೈಯಲ್ಲಿತ್ತು, ಸೀಲ್ ಯಾವಾಗ ಬಿತ್ತು ಎಂದು ಕೇಳಿದರು. ಸಹಿಗಳೆಲ್ಲ ಇದ್ದವು. “ಗುರುತು ಯಾವಾಗ ಬಿದ್ದದ್ದು?” ಎಂದರು. ಬೆರಳಚ್ಚು ನೋಡಿ ಅದರ ವಯಸ್ಸು ಹೇಳಲಾಗದು ಎಂದೆ. “ಹಾಗಾದರೆ ಎಲ್ಲೋ ಬೀದಿಯಲ್ಲಿ ಬಿದ್ದಿದ್ದ ಚೂರನ್ನು ನನ್ನ ಕಕ್ಷಿದಾರ ಎತ್ತಿ ನೋಡಿರಬಹುದು. ಅದು ಗೋಡೆಗೆ ಒರಗಿತ್ತು, ತಾನೇ ತಂದೆ ಎಂಬುದು ಆ ಹಿರಿಯಮ್ಮನ ಬಾಯಿಮಾತಷ್ಟೇ ಅಲ್ಲವೇ?” ಎಂದು ಹಿಡಿದರು.

ನಾನು ಪ್ರಯೋಗಾಲಯದ ವರದಿಯ ಎರಡನೇ ಪುಟ ತೆರೆಯುವಂತೆ ಕೋರಿದೆ. ಮೇಲಂಚಿನ ಹತ್ತಿರವಿದ್ದ ಆ ಇನ್ನೆರಡು ಗುರುತುಗಳು ಹಿರಿಯಮ್ಮನ ಬಲಗೈಯ ಬೆರಳುಗಳದ್ದು. ಚೂರಿನ ಮುರಿದ ಒಂದು ಅಂಚು, ಅವರ ಕಿಟಕಿಯ ಚೌಕಟ್ಟಿನಲ್ಲೇ ಉಳಿದಿದ್ದ ತುಂಡಿಗೆ ಸರಿಯಾಗಿ ಕೂಡಿಕೊಂಡಿತ್ತು. ವಕೀಲರು ಆ ಪುಟವನ್ನು ಓದಿ, ಅದರ ಬಗ್ಗೆ ಮತ್ತೇನೂ ಕೇಳದೆ ಮುಂದಿನ ಸಾಕ್ಷಿಯನ್ನು ಕರೆಯಬಹುದು ಎಂದರು.