ತ್ರಿಜ್ಯ ಎರಡು ಸಲ, ಎತ್ತರ ಒಂದೇ ಸಲ

ಒಂಬತ್ತನೇ ಕ್ಲಾಸಿನಲ್ಲಿ ನಮಗೆ ಘನಫಲ ಕಲಿಸಿದ ಗಣಿತದ ಮೇಡಂ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ಬೇರೆ ವಿಷಯ ಹುಡುಕಲೇ ಇಲ್ಲ.

ಅವರದ್ದು ಒಂದು ಕಟ್ಟುನಿಟ್ಟಿನ ನಿಯಮ. ಲೆಕ್ಕ ಬಿಡಿಸುವ ಮೊದಲು ಉತ್ತರ ಎಷ್ಟಿರಬಹುದು ಅಂತ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆಯಬೇಕು. ಅದು ಸರಿ ಇರಬೇಕು ಅಂತೇನಿಲ್ಲ. ಆದರೆ ಬರೆಯದೆ ಸೂತ್ರ ಮುಟ್ಟುವಂತಿಲ್ಲ.

ಸಿಲಿಂಡರಿನ ಪಾಠದ ಮೊದಲ ದಿನ ಎರಡು ಎ4 ಹಾಳೆ ತಂದಿದ್ದರು. ಅಗಲ 21 ಸೆಂ.ಮೀ., ಉದ್ದ 29.7 ಸೆಂ.ಮೀ. ಒಂದು ಹಾಳೆಯನ್ನು ಎತ್ತರದ ತೆಳ್ಳನೆಯ ಕೊಳವೆಯಾಗಿ ಸುತ್ತಿದರು. ಇನ್ನೊಂದನ್ನು ಗಿಡ್ಡನೆಯ ದಪ್ಪ ಕೊಳವೆಯಾಗಿ ಸುತ್ತಿದರು. "ಯಾವುದರಲ್ಲಿ ಜಾಸ್ತಿ ಹಿಡಿಸುತ್ತೆ, ಹೇಳಿ ನೋಡೋಣ" ಅಂದರು. ಹಾಳೆ ಒಂದೇ ಅಳತೆಯದ್ದು, ಆದ್ದರಿಂದ ಎರಡರಲ್ಲೂ ಅಷ್ಟೇ ಹಿಡಿಸಬೇಕು ಅಂತ ಹೆಚ್ಚಿನವರು ಅಂದರು. ಕೆಲವರು ಎತ್ತರದ್ದಕ್ಕೆ ಕೈ ಎತ್ತಿದರು.

ಲೆಕ್ಕ ಹಾಕಿದಾಗ ಎತ್ತರದ ಕೊಳವೆಗೆ ಸುಮಾರು 1042 ಘನ ಸೆಂ.ಮೀ. ಬಂತು. ಗಿಡ್ಡನೆಯದಕ್ಕೆ ಸುಮಾರು 1474. ಇದೇನು ಸಣ್ಣ ವ್ಯತ್ಯಾಸವಾ? ಗೆಲಿಲಿಯೊ ಕೂಡ 1638ರಲ್ಲಿ ಇದರ ಬಗ್ಗೆ ಬರೆದಿದ್ದಾನೆ. ಒಂದೇ ಬಟ್ಟೆಯಿಂದ ಚೀಲ ಹೊಲಿದರೆ ಗಿಡ್ಡ ಚೀಲದಲ್ಲಿ ಯಾಕೆ ಜಾಸ್ತಿ ಹಿಡಿಸುತ್ತದೆ ಅನ್ನುವುದು ಅವನು ಎತ್ತಿಕೊಂಡ ಪ್ರಶ್ನೆ. ಕಾರಣವನ್ನು ಮೇಡಂ ಒಂದೇ ಮಾತಿನಲ್ಲಿ ಹೇಳಿದರು: ತ್ರಿಜ್ಯ ಎರಡು ಸಲ ಕೆಲಸ ಮಾಡುತ್ತದೆ, ಎತ್ತರ ಒಂದೇ ಸಲ.

ಸೂತ್ರ ಬೋರ್ಡಿಗೆ ಬಂದದ್ದು ಅದಾದ ಮೇಲೆ. ಪೈ ಗುಣಿಸು ತ್ರಿಜ್ಯದ ವರ್ಗ ಗುಣಿಸು ಎತ್ತರ. ಅದನ್ನು ಬಾಯಿಪಾಠ ಮಾಡಿಸಲಿಲ್ಲ. ಒಂದೇ ಥರದ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರು. ಕೆಳಗಿನ ವೃತ್ತದ ವಿಸ್ತೀರ್ಣ ಗೊತ್ತಾದರೆ ಸಾಕು, ಎತ್ತರದಿಂದ ಗುಣಿಸಿದರೆ ಘನಫಲ. ಆಮೇಲೆ ಸ್ಕೇಲಿನಿಂದ ಆ ಸಾಲನ್ನು ಮೆಲ್ಲಗೆ ಓರೆಯಾಗಿ ತಳ್ಳಿದರು. ನಾಣ್ಯ ಒಂದೂ ಕಡಿಮೆಯಾಗಲಿಲ್ಲ, ಎತ್ತರವೂ ಅಷ್ಟೇ. ಹಾಗಾದರೆ ಓರೆ ಸಿಲಿಂಡರಿಗೂ ಅದೇ ಘನಫಲ, ಅಲ್ವಾ? ಇಟಲಿಯ ಕವಲಿಯೇರಿ 1635ರಲ್ಲಿ ಪ್ರಕಟಿಸಿದ ತತ್ವ ಇದೇ. ಪ್ರತಿ ಎತ್ತರದಲ್ಲೂ ಅಡ್ಡ ಕೊಯ್ತದ ವಿಸ್ತೀರ್ಣ ಸಮವಾಗಿದ್ದರೆ ಘನಫಲವೂ ಸಮ.

ಈ ಲೆಕ್ಕ ಎಷ್ಟು ಹಳೆಯದು ಅಂತ ತಿಳಿದಾಗ ನನಗೆ ನಿಜಕ್ಕೂ ರೋಮಾಂಚನವಾಗಿತ್ತು. ಈಜಿಪ್ಟಿನ ರಿಂಡ್ ಪ್ಯಾಪಿರಸ್ ಸುಮಾರು 3500 ವರ್ಷ ಹಿಂದಿನದು. ಅದರ 41ನೇ ಲೆಕ್ಕ ಒಂದು ದುಂಡನೆಯ ಕಣಜದ್ದು. ವ್ಯಾಸ 9 ಮೊಳ, ಎತ್ತರ 10 ಮೊಳ. ವ್ಯಾಸದಲ್ಲಿ ಒಂಬತ್ತನೇ ಒಂದು ಭಾಗ ಕಳೆ, 8 ಉಳಿಯುತ್ತದೆ. ಅದರ ವರ್ಗ 64, ಹತ್ತರಿಂದ ಗುಣಿಸಿದರೆ 640 ಘನ ಮೊಳ. ನಮ್ಮ ಸೂತ್ರದಲ್ಲಿ ಸುಮಾರು 636 ಬರುತ್ತದೆ. ಪೈ ಎಂಬ ಹೆಸರೇ ಇಲ್ಲದ ಕಾಲದಲ್ಲಿ ಅಷ್ಟು ಹತ್ತಿರ ಬಂದಿದ್ದರು.

ಲೆಕ್ಕ ಬಿಡಿಸುವಾಗ ಅವರು ಹೇಳಿಕೊಟ್ಟ ಇನ್ನೊಂದು ಅಭ್ಯಾಸ ಪೈಯನ್ನು ಕೊನೆಯವರೆಗೂ ಹಾಗೇ ಬಿಡುವುದು. ಮೊದಲ ಸಾಲಿನಲ್ಲೇ 3.14 ಹಾಕಿ ಗುಣಿಸುತ್ತಾ ಹೋದರೆ ಕೆಲಸವೂ ಜಾಸ್ತಿ, ಲೆಕ್ಕದ ಒಳಗೆ ಏನು ನಡೆಯುತ್ತಿದೆ ಅನ್ನುವುದೂ ಕಾಣುವುದಿಲ್ಲ. ಒಂದು ಟೊಳ್ಳು ಕೊಳವೆ ಇದೆ ಅನ್ನಿ. ಹೊರ ತ್ರಿಜ್ಯ 8, ಒಳ ತ್ರಿಜ್ಯ 7, ಉದ್ದ 14 ಸೆಂ.ಮೀ. ಎರಡು ಘನಫಲ ಬೇರೆಬೇರೆ ತೆಗೆದು ಕಳೆಯಬೇಕಿಲ್ಲ. ವರ್ಗಗಳ ವ್ಯತ್ಯಾಸ ಅಂದರೆ ಮೊತ್ತ ಗುಣಿಸು ವ್ಯತ್ಯಾಸ, 15 ಗುಣಿಸು 1. ಅದನ್ನು 14ರಿಂದಲೂ 22/7ರಿಂದಲೂ ಗುಣಿಸಿದರೆ 660 ಘನ ಸೆಂ.ಮೀ. ಬಾಯಲ್ಲೇ ಆಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಂತಿಯ ಲೆಕ್ಕ. 3 ಸೆಂ.ಮೀ. ತ್ರಿಜ್ಯದ ಲೋಹದ ಗುಂಡನ್ನು ಕರಗಿಸಿ 1 ಮಿ.ಮೀ. ತ್ರಿಜ್ಯದ ತಂತಿ ಎಳೆದರೆ ಉದ್ದ ಎಷ್ಟು? ತಂತಿ ಎಂದರೆ ತೆಳ್ಳನೆಯ ಸಿಲಿಂಡರ್ ತಾನೆ. ಅಂಚಿನಲ್ಲಿ ಒಬ್ಬರು ಒಂದು ಮೀಟರ್ ಬರೆದರೆ, ಧೈರ್ಯ ಮಾಡಿದವರು ಐದು ಬರೆದರು. ಗುಂಡಿನ ಘನಫಲ 36 ಪೈ. ತಂತಿಯ ಅಡ್ಡ ಕೊಯ್ತದ ವಿಸ್ತೀರ್ಣ 0.01 ಪೈ. ಪೈ ಎರಡೂ ಕಡೆ ಹೊಡೆದುಹೋಗುತ್ತದೆ. ಉದ್ದ 3600 ಸೆಂ.ಮೀ., ಅಂದರೆ 36 ಮೀಟರ್! ಮುಷ್ಟಿಯೊಳಗೆ ಹಿಡಿಯುವಷ್ಟು ಗುಂಡು. ಇಲ್ಲಿಯೂ ಅದೇ ಮಾತು. ತ್ರಿಜ್ಯ ಕುಗ್ಗಿದ್ದು ಎರಡು ಸಲ ಲೆಕ್ಕಕ್ಕೆ ಬಂತು, ಅದನ್ನು ಉದ್ದ ಒಂದೇ ತುಂಬಿಕೊಡಬೇಕು.

ಈಗ ಓದುತ್ತಿರುವವರಿಗೆ ಒಂದು ಮಾತು. ಪ್ರಶ್ನೆಯಲ್ಲಿ ಕೊಟ್ಟಿರುವುದು ವ್ಯಾಸವಾ ತ್ರಿಜ್ಯವಾ ಅಂತ ಮೊದಲು ನೋಡಿ. ತ್ರಿಜ್ಯದ ಬದಲು ವ್ಯಾಸ ಹಾಕಿದರೆ ಉತ್ತರ ನಾಲ್ಕು ಪಟ್ಟಾಗುತ್ತದೆ. ಅಳತೆಗಳನ್ನು ಒಂದೇ ಮಾನಕ್ಕೆ ತನ್ನಿ. 1000 ಘನ ಸೆಂ.ಮೀ. ಅಂದರೆ ಒಂದು ಲೀಟರ್, ಇದು ಮನಸ್ಸಿನಲ್ಲಿರಲಿ.

ವರ್ಷದ ಕೊನೆಯಲ್ಲಿ ಮೇಡಂ ಒಂದು ದೊಡ್ಡ ಪ್ರಶ್ನೆ ಕೊಟ್ಟರು. ಒಂದು ಲೀಟರ್ ಹಿಡಿಸುವ ಮುಚ್ಚಿದ ಡಬ್ಬಿ ಮಾಡಬೇಕು. ತಗಡು ಆದಷ್ಟು ಕಡಿಮೆ ಬೇಕು. ಯಾವ ಆಕಾರ? ಸೂತ್ರ ಕೊಡಲಿಲ್ಲ, ಪಟ್ಟಿ ಮಾಡಿ ಅಂದರು. ತ್ರಿಜ್ಯ 3 ಸೆಂ.ಮೀ. ಇದ್ದರೆ ಒಟ್ಟು ಮೇಲ್ಮೈ ಸುಮಾರು 723 ಚದರ ಸೆಂ.ಮೀ. 4 ಇದ್ದರೆ 601. 5 ಇದ್ದರೆ 557. 6 ಇದ್ದರೆ 560, ಮತ್ತೆ ಏರುತ್ತಿದೆ! 7ಕ್ಕೆ 594. ಹಾಗಾದರೆ ಕಡಿಮೆ ಇರುವುದು 5 ಮತ್ತು 6ರ ಹತ್ತಿರ ಎಲ್ಲೋ. ಇನ್ನೂ ಸಣ್ಣ ಹೆಜ್ಜೆಯಲ್ಲಿ ಹುಡುಕಿದೆವು. 5.4ರ ಆಸುಪಾಸಿಗೆ ಬಂದು ನಿಂತಿತು. ಆಗ ಎತ್ತರ ಸುಮಾರು 10.9. ಇಡೀ ಕ್ಲಾಸು ಆ ಎರಡು ಸಂಖ್ಯೆ ನೋಡಿತು. ಎತ್ತರ ಹೆಚ್ಚುಕಡಿಮೆ ವ್ಯಾಸದಷ್ಟೇ ಇದೆ.

ಎತ್ತರ ಮತ್ತು ವ್ಯಾಸ ಸಮವಾಗಿರುವ ಸಿಲಿಂಡರಿನೊಳಗೆ ಒಂದು ಗೋಳ ಸರಿಯಾಗಿ ಕೂರುತ್ತದೆ. ಆರ್ಕಿಮಿಡಿಸ್ ಜಾಸ್ತಿ ಹೆಮ್ಮೆ ಪಟ್ಟದ್ದು ಈ ಜೋಡಿಯ ಬಗ್ಗೆ. ಗೋಳದ ಘನಫಲ ಸಿಲಿಂಡರಿನ ಮೂರನೇ ಎರಡು ಭಾಗ. ಗೋಳದ ಮೇಲ್ಮೈ ಕೂಡ ಸಿಲಿಂಡರಿನ ಒಟ್ಟು ಮೇಲ್ಮೈಯ ಮೂರನೇ ಎರಡು ಭಾಗ. ಕ್ರಿ.ಪೂ. 75ರಲ್ಲಿ ರೋಮಿನ ಸಿಸೆರೊ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದಾಗ ಸಿರಾಕ್ಯೂಸ್‌ನಲ್ಲಿ ಮುಳ್ಳುಪೊದೆಗಳ ನಡುವೆ ಒಂದು ಸಮಾಧಿ ಕಂಡ. ಮೇಲೆ ಗೋಳವೂ ಸಿಲಿಂಡರೂ ಇದ್ದದ್ದರಿಂದ ಅದು ಆರ್ಕಿಮಿಡಿಸನದ್ದು ಅಂತ ಗುರುತಿಸಿದ.

ಮುಂದೆ ಕಾಲೇಜಿನಲ್ಲಿ ಅವಕಲನ ಕಲಿತಾಗ ಆ ಡಬ್ಬಿಯ ಲೆಕ್ಕ ನಾಲ್ಕು ಸಾಲಿನಲ್ಲಿ ಮುಗಿಯಿತು. ಆದರೂ ಸಂಖ್ಯೆಗಳು ಇಳಿದು ಮತ್ತೆ ಏರಿದ್ದನ್ನು ಕಣ್ಣಾರೆ ನೋಡಿದ್ದರಿಂದಲೇ ಆ ನಾಲ್ಕು ಸಾಲಿಗೆ ಅರ್ಥ ಬಂದದ್ದು. ಡಬ್ಬಿಗೆ ಮುಚ್ಚಳ ಇಲ್ಲದಿದ್ದರೆ ಉತ್ತರ ಬೇರೆ. ಆಗ ಎತ್ತರ ತ್ರಿಜ್ಯಕ್ಕೆ ಸಮ. ಪಟ್ಟಿ ಮಾಡಿ ನೋಡಿ, ಒಂದು ಲೀಟರಿಗೆ ತ್ರಿಜ್ಯ ಸುಮಾರು 6.8 ಸೆಂ.ಮೀ. ಬರುತ್ತದೆ.