ಬಳ್ಳಾರಿ ಬಿಸಿಲಿಗೆ ಯಾವ ಸ್ಕೂಟರ್?

ತಮ್ಮನಿಗೆ ಎಲೆಕ್ಟ್ರಿಕ್ ಸ್ಕೂಟರ್ ಹುಡುಕುತ್ತಿದ್ದೇವೆ. ಗಾಂಧಿನಗರದಿಂದ ಕೌಲ್ ಬಜಾರ್‌ಗೆ ಅವನ ದಿನದ ಓಡಾಟ. ಐಕ್ಯೂಬ್, ರಿಜ್ಟಾ, ಚೇತಕ್ ಮೂರನ್ನೂ ಓಡಿಸಿ ನೋಡಿದೆವು.

ಎಲ್ಲರೂ ಮೊದಲು ಕೇಳುವುದು ರೇಂಜ್, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ ಎಂದು. 3.5 ಯೂನಿಟ್ ಬ್ಯಾಟರಿಯ ಚೇತಕ್‌ಗೆ 153 ಕಿ.ಮೀ. ಎನ್ನುತ್ತಾರೆ. ಅದು ಪರೀಕ್ಷೆಯ ಲೆಕ್ಕ, ರಸ್ತೆಯಲ್ಲಿ ಕಡಿಮೆಯೇ ಬರುತ್ತದೆ. ಆದರೆ ಊರೊಳಗೆ ಸುತ್ತುವವರಿಗೆ ಅದರ ಅರ್ಧ ಬಂದರೂ ಸಾಕು, ಅಲ್ವಾ?

ನನಗೆ ಚಿಂತೆ ಬಿಸಿಲಿನದು. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಲಿಥಿಯಂ ಬ್ಯಾಟರಿಗೆ ಕಾವು ಆಗಿಬರುವುದಿಲ್ಲ. ತುಂಬಾ ಬಿಸಿಯಾದರೆ ಸ್ಕೂಟರ್ ತಾನೇ ವೇಗ ಇಳಿಸುತ್ತದೆ, ಬ್ಯಾಟರಿಯ ಆಯಸ್ಸೂ ಬೇಗ ಸವೆಯುತ್ತದೆ. ಪೂರ್ತಿ ಚಾರ್ಜ್ ಮಾಡಿ ಇಡೀ ದಿನ ಬಿಸಿಲಲ್ಲಿ ನಿಲ್ಲಿಸುವುದಂತೂ ಬೇಡವೇ ಬೇಡ. ಮನೆಗೆ ಬಂದ ಕೂಡಲೇ ಪ್ಲಗ್ ಹಾಕಬಾರದು. ಸ್ವಲ್ಪ ಆರಲು ಬಿಟ್ಟು, ರಾತ್ರಿ ತಂಪಿನಲ್ಲಿ ಚಾರ್ಜ್ ಮಾಡಿದರೆ ಒಳ್ಳೆಯದು. ಇಷ್ಟು ಮುಖ್ಯವಾದ ಮಾತನ್ನು ಶೋರೂಮಿನಲ್ಲಿ ಯಾರೂ ತಾವಾಗಿ ಹೇಳಲಿಲ್ಲ. ಸ್ಕ್ರೀನ್, ಬಣ್ಣ, ಬ್ಲೂಟೂತ್ ಬಗ್ಗೆಯೇ ಮಾತು.

ಚೇತಕ್ ಮೈ ಲೋಹದ್ದು, ಗಟ್ಟಿ ಅನ್ನಿಸುತ್ತದೆ. ರಿಜ್ಟಾ ಸೀಟು ಅಗಲ, ಅಮ್ಮನಿಗೆ ಅದೇ ಇಷ್ಟವಾಯಿತು. ಐಕ್ಯೂಬ್‌ಗೆ ಮೋಟಾರ್ ಹಿಂದಿನ ಚಕ್ರದಲ್ಲೇ ಇದೆ, ಚಕ್ರ ತಿರುಗಿಸುವ ಬೆಲ್ಟಿನ ಗೊಡವೆಯಿಲ್ಲ. ನಮ್ಮ ಕೆಂಧೂಳಿಗೆ ಅದು ಸರಿ ಎಂದು ನನ್ನ ಲೆಕ್ಕ.

ಬಳ್ಳಾರಿ, ರಾಯಚೂರು ಕಡೆ ಎರಡು ಬೇಸಿಗೆ ಓಡಿಸಿದವರು ಯಾರಾದರೂ ಇದ್ದರೆ ಹೇಳಿ, ಮೇ ತಿಂಗಳಲ್ಲಿ ರೇಂಜ್ ಎಷ್ಟು ಬರುತ್ತಿದೆ?