ಹೊಳೆದಂಡೆಯಲ್ಲಿ ಟೆಂಟು ಹಾಕಲು ಯಾರನ್ನು ಕೇಳಬೇಕು?

ಅಡಿಕೆ ಸುಲಿತದ ಹೊತ್ತಿಗೆ ರಜೆ ಹಾಕಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಾಗಲೆಲ್ಲ, ಅಂಗಳದಲ್ಲಿ ಕೂತವರ ನಡುವೆ ನನ್ನ ಮೀನು ಶಿಕಾರಿಯ ಸುದ್ದಿ ಏಳುತ್ತದೆ. ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿ ನಗರದಲ್ಲಿ ನೌಕರಿ ಮಾಡುವ ನಾವು ಕೆಲವರು ಬೇಸಿಗೆಯ ವಾರಾಂತ್ಯಗಳಲ್ಲಿ ಗಾಳ ತೆಗೆದುಕೊಂಡು ಹೋಗಿ ಹೊಳೆಯ ಬದಿಯಲ್ಲೇ ಮಲಗಿ ಬರುತ್ತೇವೆ ಎಂಬುದು ಇಲ್ಲಿನವರಿಗೆ ದೊಡ್ಡ ವಿಷಯವಲ್ಲ. ಮುಂಗಾರಿನ ಮೊದಲ ನೆರೆಗೆ ಹತ್ತುಮೀನು, ಅಂದರೆ ಹೊಳೆಯಿಂದ ಗದ್ದೆಗೆ ಹತ್ತುವ ಮೀನು, ಏರುವಾಗ ಕತ್ತಿ, ಬ್ಯಾಟರಿ ಹಿಡಿದು ರಾತ್ರಿಯಿಡೀ ಗದ್ದೆಬದಿಯಲ್ಲಿ ಅಲೆದವರು ಅವರು. ಅವರನ್ನು ಕಾಡುವುದು ಬೇರೆ ಪ್ರಶ್ನೆ. "ಆ ಜಾಗ ಯಾರದ್ದು ಮಾರಾಯ? ಯಾರೂ ಬಂದು ಎಬ್ಬಿಸೂದಿಲ್ವಾ?" ಎನ್ನುತ್ತಾರೆ ಚಿಕ್ಕಪ್ಪ.

ಐಡಾಹೊದ ನೆಲದಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಪಾಲು ಅಲ್ಲಿನ ಕೇಂದ್ರ ಸರ್ಕಾರದ್ದು. ದೇಶದಾದ್ಯಂತ ಅರಣ್ಯ ಸೇವೆಯ ಕೈಯಲ್ಲಿ ಸುಮಾರು 19.3 ಕೋಟಿ ಎಕರೆಯೂ, ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆಯೂ ಇದೆ. ಒಂದು ಕಾಲದಲ್ಲಿ ನೆಲೆಸಲು ಬಂದವರಿಗೆ ಹಂಚುತ್ತಿದ್ದ ಈ ಬ್ಯೂರೋದ ನೆಲವನ್ನು ಸಾಮಾನ್ಯವಾಗಿ ಸರ್ಕಾರದ ಬಳಿಯೇ ಉಳಿಸಿಕೊಳ್ಳಬೇಕೆಂದು 1976ರ ಕಾಯಿದೆ ನಿರ್ಧರಿಸಿತು. ಈ ಎರಡೂ ಇಲಾಖೆಗಳ ನೆಲದ ಬಹುಪಾಲಿನಲ್ಲಿ, ನಿಷೇಧದ ಫಲಕವಿಲ್ಲದ ಕಡೆ, ಯಾರು ಬೇಕಾದರೂ ಬಾಡಿಗೆ ಕೊಡದೆ, ಮುಂಚಿತವಾಗಿ ಹೆಸರು ಬರೆಸದೆ ಟೆಂಟು ಹಾಕಬಹುದು. ಒಂದೇ ಕಡೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ನಲ್ಲಿಯಿಲ್ಲ, ಶೌಚಾಲಯವಿಲ್ಲ, ಕಸದ ತೊಟ್ಟಿಯೂ ಇಲ್ಲ; ನೀನು ಆ ದೇಶದ ಪ್ರಜೆಯೇ ಎಂದು ಕೇಳುವವರೂ ಇಲ್ಲ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲದ, ಗೋಮಾಳ, ಕಾನು, ಸೊಪ್ಪಿನಬೆಟ್ಟಗಳ ದಾಖಲೆ ಒಂದೊಂದು ಕಚೇರಿಯಲ್ಲಿ ಒಂದೊಂದು ಬಗೆಯಾಗಿರುವ ಊರಿನವರಿಗೆ ಇದು ನಂಬುವ ಮಾತಲ್ಲ.

ಹಾಗೆಂದು ಹೊಳೆ ಕಂಡಲ್ಲೆಲ್ಲ ಇಳಿಯಬಹುದೆಂದು ತಿಳಿಯಬೇಡಿ. ನಮ್ಮಲ್ಲಿ ಕಣಿವೆಯ ತಳದಲ್ಲಿ ಗದ್ದೆ ತೋಟ, ಮೇಲಕ್ಕೆ ಬೆಟ್ಟ ಇರುವ ಹಾಗೆಯೇ ಅಲ್ಲಿಯೂ ನೀರಿರುವ ತಗ್ಗು ನೆಲವನ್ನು 19ನೆಯ ಶತಮಾನದಲ್ಲಿ ಬಂದು ನೆಲೆಸಿದವರು ಮೊದಲು ಹಿಡಿದರು. ಯಾರಿಗೂ ಬೇಡವಾದ ಒಣಗುಡ್ಡ ಮತ್ತು ಕಡಿದಾದ ಕಾಡು ಸರ್ಕಾರಕ್ಕೆ ಉಳಿಯಿತು. ಆದ್ದರಿಂದ ಮೀನು ಚೆನ್ನಾಗಿರುವ ಎಷ್ಟೋ ಹೊಳೆಬದಿಗಳು ಖಾಸಗಿ ದನದ ಫಾರಂಗಳೊಳಗಿವೆ. ಬೇಲಿಕಂಬಕ್ಕೆ ಢಾಳಾದ ಕಿತ್ತಳೆ ಬಣ್ಣ ಬಳಿದಿದ್ದರೆ ಒಳಗೆ ಬರಬೇಡಿ ಎಂದು ಅರ್ಥ. ಉತ್ತು ಬಿತ್ತಿದ ನೆಲವಾದರೆ ಬಣ್ಣ ಇಲ್ಲದಿದ್ದರೂ ಹೋಗಬಾರದು. ಆದರೆ ಸರ್ಕಾರಿ ಸೇತುವೆಯ ಬಳಿ ನೀರಿಗಿಳಿದರೆ, ದೋಣಿ ಸಾಗುವಂಥ ಹೊಳೆಯಲ್ಲಿ ಸಾಮಾನ್ಯವಾಗಿ ತುಂಬಿದಾಗ ನೀರು ಮುಟ್ಟುವ ಗುರುತಿನ ಕೆಳಗೆ ನಡೆದು ಮೀನು ಹಿಡಿಯುವ ಹಕ್ಕು ಎಲ್ಲರಿಗೂ ಇದೆ. ಹೀಗಾಗಿ ಹಗಲಲ್ಲಿ ಒಬ್ಬನ ಫಾರಂ ನಡುವೆ ನೀರಲ್ಲಿ ನಿಂತು ಗಾಳ ಹಾಕಿದವನು ರಾತ್ರಿ ಮಲಗಲು ಮೈಲುಗಟ್ಟಲೆ ಆಚೆಯ ಸರ್ಕಾರಿ ಗುಡ್ಡಕ್ಕೆ ಹೋಗುತ್ತಾನೆ. ಗಡಿಗಳನ್ನು ಬಣ್ಣಬಣ್ಣವಾಗಿ ತೋರಿಸುವ ನಕಾಶೆಯನ್ನು ಮನೆಯಲ್ಲಿರುವಾಗಲೇ ಫೋನಿಗೆ ಇಳಿಸಿಕೊಳ್ಳಬೇಕು. ಕಣಿವೆಯೊಳಗೆ ಸಿಗ್ನಲ್ ಇರುವುದಿಲ್ಲ.

ಮೀನಿನ ವಿಷಯದಲ್ಲಿ ಸಡಿಲಿಕೆಯೇ ಇಲ್ಲ. ದೊಡ್ಡವರು ಲೈಸೆನ್ಸ್ ಇಲ್ಲದೆ ಗಾಳ ಮುಟ್ಟುವಂತಿಲ್ಲ. ಸಾಮಾನ್ಯ ನಿಯಮದ ಪ್ರಕಾರ ದಿನಕ್ಕೆ ಆರು ಟ್ರೌಟ್ (ತಣ್ಣೀರಿನ ಹೊಳೆಮೀನು). ಕೆಲವು ಹೊಳೆಗಳಲ್ಲಿ ಅಷ್ಟೂ ಇಲ್ಲ, ಹಿಡಿದದ್ದನ್ನೆಲ್ಲ ಬಿಡಬೇಕು. ಬುಲ್ ಟ್ರೌಟ್ ಎಂಬ ಸಂರಕ್ಷಿತ ಮೀನನ್ನು ಎಲ್ಲಿಯೂ ಕೊಲ್ಲುವಂತಿಲ್ಲ. ಅದನ್ನು ಗುರುತಿಸಲು ಮೀನನ್ನು ನೀರಿನಿಂದ ಪೂರ್ತಿ ಎತ್ತದೆ, ಒದ್ದೆ ಅಂಗೈಯಲ್ಲಿ ಓರೆಯಾಗಿ ಹಿಡಿದು ಬೆನ್ನಿನ ರೆಕ್ಕೆಯನ್ನು ಬೆರಳಿನಿಂದ ಬಿಡಿಸಿ ನೋಡುತ್ತೇವೆ: ರೆಕ್ಕೆಯಲ್ಲಿ ಕಪ್ಪು ಚುಕ್ಕೆ ಒಂದೂ ಇಲ್ಲದೆ, ಮೈಮೇಲೆ ಮಸುಕಾದ ಹಳದಿ, ಕಿತ್ತಳೆ ಚುಕ್ಕೆಗಳಷ್ಟೇ ಇದ್ದರೆ ತಕ್ಷಣ ಗಾಳ ಬಿಡಿಸಬೇಕು. ದೇವಸ್ಥಾನದ ಮುಂದಿನ ಹೊಳೆಯಲ್ಲಿ ಯಾರೂ ಮೀನು ಹಿಡಿಯದ ಚಿಬ್ಬಲಗುಡ್ಡೆಯಲ್ಲೂ ಶೃಂಗೇರಿಯಲ್ಲೂ ದೇವರ ಭಯದಿಂದ ನಡೆಯುವ ಕೆಲಸ ಅಲ್ಲಿ ದಂಡದ ಭಯದಿಂದ ನಡೆಯುತ್ತದೆ. ಮೀನಿಗೆ ಎರಡೂ ಒಂದೇ.

ಊರಿನವರಿಗೆ ವಿಚಿತ್ರವೆನಿಸುವುದು ಅಲ್ಲಿನ ಮಳೆಗಾಲದ ಅಭಾವ. ಆಗುಂಬೆಯಲ್ಲಿ ಆಷಾಢದ ಮಳೆ ಸುರಿಯುವ ಜುಲೈನಲ್ಲಿ ಅಲ್ಲಿ ಹುಲ್ಲೆಲ್ಲ ತರಗು. ಬಾಯ್ಸಿಯಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 300 ಮಿಲಿಮೀಟರ್. ಬೆಂಕಿ ನಿರ್ಬಂಧ ಜಾರಿಯಾದರೆ ಇಂಥ ಬಯಲು ತಾಣಗಳಲ್ಲಿ ಸೌದೆ ಹೊತ್ತಿಸುವಂತಿಲ್ಲ, ಗ್ಯಾಸ್ ಒಲೆಯೇ ಗತಿ. ಕೆಂಡದ ಮೇಲೆ ಮೀನು ಸುಡುವ ಆಸೆಯನ್ನು ಬಿಟ್ಟು ನಾವು ಕೆಂಪು ಮಸಾಲೆ ಹಚ್ಚಿ ಕಾವಲಿಯಲ್ಲಿ ಹುರಿದು, ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ ಅನ್ನ ಉಣ್ಣುತ್ತೇವೆ. ಪಾತ್ರೆ, ಉಳಿದ ಅನ್ನ, ಹಲ್ಲುಜ್ಜುವ ಪೇಸ್ಟ್ ಸಹ ಕಾರಿನೊಳಗೆ ಬೀಗ ಹಾಕಿಡಬೇಕು, ಇಲ್ಲವಾದರೆ ಕರಡಿ ಬರುತ್ತದೆ. ಮಲವಿಸರ್ಜನೆಗೆ ನೀರಿನಿಂದ 200 ಅಡಿ ದೂರ, ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ ಮುಚ್ಚಬೇಕು. ಇದನ್ನು ಪಾಲಿಸದವರು ಅಲ್ಲಿಯೂ ಇದ್ದಾರೆ. ಜನ ಹೆಚ್ಚು ಬರುವ ತಾಣಗಳಲ್ಲಿ ಪೊದೆಯ ಹಿಂದೆ ಹೋದರೆ ಗೊತ್ತಾಗುತ್ತದೆ.

ಈ ನೆಲ ಖಾಲಿ ಇತ್ತು, ಸರ್ಕಾರ ಒಳ್ಳೆಯ ಮನಸ್ಸಿನಿಂದ ಎಲ್ಲರಿಗೂ ಬಿಟ್ಟಿತು ಎಂದು ನಾನು ಹೇಳಲಾರೆ. ಕ್ಲಿಯರ್‌ವಾಟರ್ ನದಿಯ ಸೀಮೆಯ ನೆಜ್ ಪರ್ಸ್ ಎಂಬ ಮೂಲನಿವಾಸಿ ಜನಾಂಗದವರು 1855ರ ಒಪ್ಪಂದದಲ್ಲಿ ಉಳಿಸಿಕೊಂಡ ನೆಲದಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು, ಅಲ್ಲಿ ಚಿನ್ನ ಸಿಕ್ಕಿದ ಮೇಲೆ, 1863ರ ಒಪ್ಪಂದ ಕಿತ್ತುಕೊಂಡಿತು. ತಮ್ಮ ಹಳೆಯ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕೊಂದು ಅವರಿಗೆ ಈಗಲೂ ಇದೆ, ಆದರೆ ಮೀನು ಕಡಿಮೆಯಾಗಿದೆ. ಪೆಸಿಫಿಕ್ ಸಮುದ್ರದಿಂದ ಸುಮಾರು 1,450 ಕಿಲೋಮೀಟರ್ ಈಜಿ, 6,500 ಅಡಿ ಎತ್ತರದ ರೆಡ್‌ಫಿಶ್ ಸರೋವರಕ್ಕೆ ಮೊಟ್ಟೆಯಿಡಲು ಏರಿ ಬರುವ ಸಾಕ್‌ಐ ಸಾಲ್ಮನ್ ದಾರಿಯಲ್ಲಿ ಎಂಟು ಅಣೆಕಟ್ಟುಗಳನ್ನು ದಾಟಬೇಕು. 1992ರಲ್ಲಿ ಆ ಸರೋವರಕ್ಕೆ ಮರಳಿದ್ದು ಒಂದೇ ಒಂದು ಮೀನು. ಲಿಂಗನಮಕ್ಕಿಯಲ್ಲಿ ಮನೆಮಠ ಮುಳುಗಿಸಿಕೊಂಡು ಎಬ್ಬಿಸಲ್ಪಟ್ಟ ಶರಾವತಿ ಸಂತ್ರಸ್ತರು ಕೊಟ್ಟ ಜಾಗದ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿರುವ ಜಿಲ್ಲೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳನ್ನು ನೋಡಲು ಅಲ್ಲಿಗೆ ಬರುವ ಶಿವಮೊಗ್ಗ ಕಡೆಯ ತಂದೆತಾಯಂದಿರೂ ಹೀಗೆ ಹೋಗಿ ಬರಬಹುದು. ಹೊರಗಿನವರಿಗೆ ಒಂದು ದಿನದ ಲೈಸೆನ್ಸ್ ಸಿಗುತ್ತದೆ. ಎತ್ತರದ ರಸ್ತೆಗಳಲ್ಲಿ ಜೂನ್‌ವರೆಗೂ ಹಿಮವಿರುವುದುಂಟು, ಆಗಸ್ಟ್‌ನಲ್ಲಿ ಕಾಳ್ಗಿಚ್ಚಿನ ಹೊಗೆ ಕವಿಯುತ್ತದೆ. ಸೆಪ್ಟೆಂಬರ್ ಒಳ್ಳೆಯದು. ಹೊಳೆ ಇಳಿದಿರುತ್ತದೆ, ಸೊಳ್ಳೆ ಕಡಿಮೆ. ರಾತ್ರಿ ಚಳಿ ಸೊನ್ನೆಯ ಹತ್ತಿರ ಬರುವುದರಿಂದ ಉಣ್ಣೆಯ ಟೋಪಿ, ದಪ್ಪ ಕಂಬಳಿ ಇರಲಿ, ಪೇಟೆ ಬಿಡುವ ಮುನ್ನ ಪೆಟ್ರೋಲ್ ತುಂಬಿಸಿಕೊಳ್ಳಿ.